ಸ್ಪಷ್ಟವಿಲ್ಲ ಅಂದ್ರೆ ಏನೂ ಇಲ್ಲ ಅಂತಲ್ಲ

ನಮ್ಮತ್ತೆಗೆ ಶುಗರ್ ಶುರುವಾಗಿ 14 ವರ್ಷ. ಮಾತ್ರೆ ಒಂದು ಹೊತ್ತೂ ತಪ್ಪಿಸೋರಲ್ಲ. ಆದರೆ ಕಣ್ಣಿನ ಪರೀಕ್ಷೆ ಅಂದರೆ ಸಾಕು, "ಅಕ್ಕಿಯಲ್ಲಿರೋ ಕಲ್ಲು ಈಗಲೂ ಕಾಣ್ಸತ್ತೆ ಕಣೆ, ನನಗ್ಯಾಕೆ ಕಣ್ಣಿನ ಡಾಕ್ಟ್ರು?" ಅನ್ನೋರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯುವ ರೀತಿಯೇ ಹಾಗೆ. ನೋವಿಲ್ಲ, ಉರಿಯಿಲ್ಲ, ಮೊದಮೊದಲು ದೃಷ್ಟಿಯೂ ಮಂಜಾಗುವುದಿಲ್ಲ.

ಕಳೆದ ವರ್ಷ ನಮ್ಮ ಬಡಾವಣೆಯಲ್ಲಿ ಶಿಬಿರ ನಡೆಯಿತು. ಕಣ್ಣಿನೊಳಗಿನ ರೆಟಿನಾದ ಫೋಟೊ ತೆಗೆದು, ಕಂಪ್ಯೂಟರೇ ಅದನ್ನು ನೋಡಿ ಫಲಿತಾಂಶ ಹೇಳುವ ವ್ಯವಸ್ಥೆ. ಅತ್ತೆಯ ಚೀಟಿಯಲ್ಲಿ ಬಲಗಣ್ಣಿಗೆ 'ತೊಂದರೆ ಇಲ್ಲ' ಅಂತಿತ್ತು. ಎಡಗಣ್ಣಿಗೆ 'ಚಿತ್ರ ಸ್ಪಷ್ಟವಿಲ್ಲ, ವೈದ್ಯರನ್ನು ಕಾಣಿ' ಅಂತ. ಅತ್ತೆಗೆ ಖುಷಿಯೋ ಖುಷಿ. "ನೋಡಿದ್ಯಾ, ಮಿಷನ್ನೂ ಏನೂ ಇಲ್ಲ ಅಂತು!" ಯಜಮಾನರೂ ಹೂಂಗುಟ್ಟಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಈ ಮಿಷನ್ ನೋಡುವುದಾದರೂ ಹೇಗೆ ಅಂತ ಓದತೊಡಗಿದೆ.

ಅದಕ್ಕೆ ಕಣ್ಣು ಕೊಟ್ಟವರು ಡಾಕ್ಟರುಗಳೇ. 2016ರಲ್ಲಿ ಗೂಗಲ್ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರ್‌ಗೆ ಕಲಿಸಲು ಬಳಸಿದ್ದು 1,28,175 ರೆಟಿನಾ ಚಿತ್ರಗಳು. ಅಮೆರಿಕದ ಚಿತ್ರಗಳ ಜೊತೆ ನಮ್ಮ ದೇಶದ ಮೂರು ಆಸ್ಪತ್ರೆಗಳ ಚಿತ್ರಗಳೂ ಇದ್ದವು: ಅರವಿಂದ್, ಶಂಕರ ನೇತ್ರಾಲಯ ಮತ್ತು ಬೆಂಗಳೂರಿನ ನಾರಾಯಣ ನೇತ್ರಾಲಯ. 54 ಕಣ್ಣಿನ ವೈದ್ಯರು ಕೂತು ಪ್ರತಿ ಚಿತ್ರವನ್ನೂ 3ರಿಂದ 7 ಸಲ ಪರಿಶೀಲಿಸಿ ತೀರ್ಪು ಬರೆದರು. ಮಗುವಿಗೆ 'ಇದು ಕಾಗೆ, ಇದು ಗುಬ್ಬಿ' ಅಂತ ತೋರಿಸ್ತೀವಲ್ಲ, ಹಾಗೆ ಚಿತ್ರವನ್ನೂ ತೀರ್ಪನ್ನೂ ಒಟ್ಟಿಗೆ ತೋರಿಸಿ ತೋರಿಸಿ ಕಲಿಸಿದರು.

ಆದರೆ ಚಿತ್ರವೇ ಮಸುಕಾಗಿದ್ದರೆ? ವಯಸ್ಸಾದವರ ಕಣ್ಣಲ್ಲಿ ಪೊರೆ ಬಂದಿರುತ್ತೆ, ಕಣ್ಣಿನ ಪಾಪೆ ಚಿಕ್ಕದಾಗಿರುತ್ತೆ. ಥಾಯ್ಲೆಂಡ್‌ನ ಕ್ಲಿನಿಕ್‌ಗಳಲ್ಲಿ ಇಂಥದೇ ವ್ಯವಸ್ಥೆ ತಂದಾಗ, ಕೋಣೆಯ ಬೆಳಕು ಸರಿಯಿಲ್ಲದ್ದಕ್ಕೂ ಎಷ್ಟೋ ಚಿತ್ರಗಳನ್ನು ಕಂಪ್ಯೂಟರ್ ಬೇಡ ಅಂದಿತಂತೆ. 'ಸ್ಪಷ್ಟವಿಲ್ಲ' ಅಂದರೆ 'ನನಗೆ ಕಾಣಲಿಲ್ಲ' ಅಂತ ಮಾತ್ರ. ಕಣ್ಣು ಚೆನ್ನಾಗಿದೆ ಅಂತ ಅಲ್ಲ.

"ನಿನ್ನ ಸಮಾಧಾನಕ್ಕೆ ಬರ್ತೀನಿ" ಅಂತಲೇ ಅತ್ತೆ ಹೊರಟರು. ಡಾಕ್ಟರು ಹನಿ ಹಾಕಿ, ಪಾಪೆ ಅಗಲವಾದ ಮೇಲೆ ನೋಡಿದರು. ಪೊರೆಯ ಹಿಂದೆ ರಕ್ತ ಸೋರುವುದು ಶುರುವಾಗಿತ್ತು. "ಹೋದ ದೃಷ್ಟಿ ತರೋದು ಕಷ್ಟ ಅಮ್ಮ, ಇರೋದನ್ನ ಉಳಿಸ್ಕೊಳ್ಳೋಣ" ಅಂದರು. ಲೇಸರ್ ಆಯಿತು. ಈಗ ಕರೆದ ದಿನಕ್ಕೆ ತಪ್ಪದೆ ಹೋಗಿ ತೋರಿಸಿಕೊಂಡು ಬರ್ತಾರೆ.

ಮಿಷನ್ ಅತ್ತೆಗೆ ಮೋಸ ಮಾಡಲಿಲ್ಲ. ಕಾಣದ್ದನ್ನು ಕಾಣಲಿಲ್ಲ ಅಂತ ಪ್ರಾಮಾಣಿಕವಾಗಿಯೇ ಹೇಳಿತ್ತು. ಅದನ್ನು ನಮಗೆ ಬೇಕಾದ ಹಾಗೆ ಓದಿಕೊಳ್ಳುವವರು ನಾವು. ಮನೆಯಲ್ಲಿ ಶುಗರ್ ಇರೋರಿದ್ದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ. ಚೀಟಿ ಕೈಗೆ ಬಂದಾಗ ಎರಡು ಕಣ್ಣಿನದ್ದನ್ನೂ ಬೇರೆ ಬೇರೆಯಾಗಿ ಓದಿ, ಅರ್ಥವಾಗದಿದ್ದರೆ ಅಲ್ಲೇ ಕೇಳಿ. ಮತ್ತೆ, ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತೆ. ಹಿರಿಯರನ್ನು ಒಬ್ಬರೇ ಕಳಿಸಬೇಡಿ, ಜೊತೆಗೆ ಹೋಗಿ.