ದ್ರಾವಕ ಆರುವ ಹೊತ್ತು

2000ದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ ಒಬ್ಬ ಸಂಶೋಧಕಿಯ ಮೇಜಿನ ಮೇಲೆ ಕ್ಲೋರೋಫಾರ್ಮ್ ಸೀಸೆ ಇದ್ದೇ ಇರುತ್ತಿತ್ತು. ವಿದ್ಯುತ್ ಹರಿಸಬಲ್ಲ ಪಾಲಿಮರ್‌ನ ಪುಡಿಯನ್ನು ಅದರಲ್ಲಿ ಕರಗಿಸಿ, ಗಾಜಿನ ಮೇಲೆ ಒಂದೆರಡು ಹನಿ ಬಿಟ್ಟು, ಗಾಜನ್ನು ಗಿರ್ರನೆ ತಿರುಗಿಸುವ ಸ್ಪಿನ್ ಕೋಟರ್ ಓಡಿಸಿದರೆ ಗಳಿಗೆಯಲ್ಲಿ ಪೊರೆ ಸಿದ್ಧ. ಕರಗಿಸಿ ಆರಿಹೋಗುವುದಷ್ಟೇ ದ್ರಾವಕದ ಕೆಲಸ ಎಂದೇ ಆಗ ಅವರು ನಂಬಿದ್ದರು.

2001ರಲ್ಲಿ ಆಸ್ಟ್ರಿಯಾದ ಲಿಂಟ್ಸ್‌ನಿಂದ ಬಂದ ಸುದ್ದಿ ಆ ನಂಬಿಕೆಯನ್ನು ಅಲ್ಲಾಡಿಸಿತು. ಅಲ್ಲಿನ ವಿಜ್ಞಾನಿ ಸರಿಚಿಫ್ಚಿ ಅವರ ತಂಡ ಟಾಲ್ವೀನ್ ಬದಲು ಕ್ಲೋರೋಬೆಂಜೀನ್ ಬಳಸಿತ್ತು. ಪಾಲಿಮರ್ ಸೌರಕೋಶದ ದಕ್ಷತೆ ಶೇ 0.9ರಿಂದ ಶೇ 2.5ಕ್ಕೆ ಏರಿತ್ತು. ಪದಾರ್ಥಗಳು ಅವೇ, ಬದಲಾದದ್ದು ದ್ರಾವಕ ಮಾತ್ರ.

ಇದರ ಮರ್ಮ ಚೆನ್ನಾಗಿ ಕಾಣುವುದು ಪಿ3ಎಚ್‌ಟಿ ಎಂಬ ಪಾಲಿಮರ್‌ನಲ್ಲಿ. ಕ್ಲೋರೋಫಾರ್ಮ್ 61 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಅದು ಆರುವ ರಭಸಕ್ಕೆ ಪಾಲಿಮರ್‌ನ ಅಣುಸರಪಳಿಗಳು ಸಿಕ್ಕುಸಿಕ್ಕಾಗಿಯೇ ಗಟ್ಟಿಯಾಗುತ್ತವೆ. ಟ್ರೈಕ್ಲೋರೋಬೆಂಜೀನ್ ಕುದಿಯಲು 214 ಡಿಗ್ರಿ ಬೇಕು. ಅದು ನಿಧಾನವಾಗಿ ಹೊರಡುವಷ್ಟರಲ್ಲಿ ಸರಪಳಿಗಳು ಸುಮಾರು 3.8 ಆಂಗ್‌ಸ್ಟ್ರಾಂ ಅಂತರದಲ್ಲಿ ಒಂದರ ಮೇಲೊಂದು ಜೋಡಿಕೊಂಡು ಹರಳಾಗುತ್ತವೆ. 2004ರಲ್ಲಿ ಪ್ರಕಟವಾದ ಅಳತೆಯಲ್ಲಿ ಇಂಥ ಪೊರೆಯಲ್ಲಿ ವಿದ್ಯುದಾವೇಶ ಹತ್ತು ಪಟ್ಟಿನಷ್ಟು ಸಲೀಸಾಗಿ ಹರಿದಿತ್ತು.

ಮರುವರ್ಷ ಕ್ಯಾಲಿಫೋರ್ನಿಯಾದ ಯಾಂಗ್ ಯಾಂಗ್ ತಂಡ ಪೊರೆಯನ್ನು ಬೇಕೆಂದೇ ನಿಧಾನವಾಗಿ ಆರಿಸಿ ಸೌರಕೋಶದಲ್ಲಿ ಶೇ 4.4 ದಕ್ಷತೆ ಪಡೆಯಿತು. ಬೆಂಗಳೂರಿನಲ್ಲೂ ಆ ಸಂಶೋಧಕಿ ಕೆಲಸದ ಕ್ರಮ ಬದಲಿಸಿದರು. ಹಸಿ ಇರುವಾಗಲೇ ಸ್ಪಿನ್ ನಿಲ್ಲಿಸಿ, ಗಾಜನ್ನು ಪೆಟ್ರಿ ಡಿಷ್‌ನಲ್ಲಿಟ್ಟು ಮುಚ್ಚುವುದು, ಆಮೇಲೆ ಕಾಯುವುದು. ಕಿತ್ತಳೆ ಬಣ್ಣದ ಹಸಿ ಪೊರೆ ಅಂಚಿನಿಂದ ನಿಧಾನವಾಗಿ ಕಡುನೇರಳೆಗೆ ತಿರುಗುತ್ತಿತ್ತು. ಯಾವ ಯಂತ್ರವೂ ಇಲ್ಲದೆ, ಅಣುಗಳು ಸಾಲುಗೂಡುವುದು ಬರಿಗಣ್ಣಿಗೇ ತಿಳಿಯುತ್ತಿತ್ತು. ವಿಜ್ಞಾನದಲ್ಲಿ ಇಂಥ ಭಾಗ್ಯ ಅಪರೂಪ.

ಆದರೆ ಹರಳು ದೊಡ್ಡದಾದಷ್ಟೂ ಒಳ್ಳೆಯದು ಎನ್ನುವಂತೆಯೂ ಇಲ್ಲ; ಅದು ಯಾವ ದಿಕ್ಕಿಗೆ ಜೋಡಿಕೊಂಡಿದೆ ಎಂಬುದೂ ಮುಖ್ಯ. ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಪೊರೆಯ ಉದ್ದಕ್ಕೆ ಹರಿಯಬೇಕು, ಸೌರಕೋಶದಲ್ಲಿ ಮೇಲಿಂದ ಕೆಳಕ್ಕೆ. ಒಂದಕ್ಕೆ ಒಪ್ಪುವ ಜೋಡಣೆ ಇನ್ನೊಂದಕ್ಕೆ ಒಪ್ಪುವುದಿಲ್ಲ. ಹಾಗಾಗಿ ದ್ರಾವಕದ ಆಯ್ಕೆಯೇ ಒಂದು ಕಸುಬಾಯಿತು. 2007ರಲ್ಲಿ ನೊಬೆಲ್ ಪುರಸ್ಕೃತ ಅಲನ್ ಹೀಗರ್ ಅವರ ತಂಡ ಮುಖ್ಯ ದ್ರಾವಕಕ್ಕೆ ಆಕ್ಟೇನ್‌ಡೈಥಯೋಲ್ ಅನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿ, ಬೇರೊಂದು ಪಾಲಿಮರ್‌ನ ಕೋಶದ ದಕ್ಷತೆಯನ್ನು ಶೇ 2.8ರಿಂದ ಶೇ 5.5ಕ್ಕೆ ಏರಿಸಿತು.

ಆದರೆ ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್‌ನಂಥ ಕ್ಲೋರಿನ್‌ಭರಿತ ದ್ರಾವಕಗಳು ವಿಷಕಾರಿ. ಫ್ಯೂಮ್ ಹುಡ್ ಒಳಗೆ ಕೆಲವು ಹನಿ ಬಳಸುವುದು ಬೇರೆ, ಕಾರ್ಖಾನೆಯಲ್ಲಿ ಡ್ರಮ್ಮುಗಟ್ಟಲೆ ಸುರಿಯುವುದು ಬೇರೆ. 2016ರಲ್ಲಿ ಹಾಂಗ್‌ಕಾಂಗ್‌ನ ಹೀ ಯಾನ್ ತಂಡ ಕ್ಲೋರಿನ್ ಇಲ್ಲದ ಟ್ರೈಮಿಥೈಲ್‌ಬೆಂಜೀನ್‌ನಿಂದಲೇ ಶೇ 11.7ರವರೆಗೆ ದಕ್ಷತೆ ಪಡೆದು ತೋರಿಸಿತು. ಈಗ ಬೆಂಗಳೂರಿನ ಆ ಸಂಶೋಧಕಿಯ ವಿದ್ಯಾರ್ಥಿಗಳು ಹೊಸ ಪಾಲಿಮರ್ ಕೈಗೆ ಬಂದೊಡನೆ ಮೊದಲು ನೋಡುವುದು, ಅದು ಕ್ಲೋರಿನ್ ಇಲ್ಲದ ಕ್ಸೈಲೀನ್‌ನಲ್ಲಿ ಕರಗುತ್ತದೆಯೇ ಎಂದು.