ಬಜಪೆಯ ಮಳೆ, ಆವ್ರೋ ವಿಮಾನ

2023ರ ಡಿಸೆಂಬರ್ 4ರ ರಾತ್ರಿ. ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಶೋಳಿಂಗನಲ್ಲೂರಿನ ನಮ್ಮ ಕಟ್ಟಡದಲ್ಲಿ ಬೆಳಗಿನಿಂದ ಕರೆಂಟಿಲ್ಲ, ಲಿಫ್ಟಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಸರಿಯಾಗಿಲ್ಲ. ಕೆಳಗೆ ಕಾರುಗಳ ಚಕ್ರ ಮುಳುಗಿತ್ತು. ಪಳ್ಳಿಕರಣೈ ಕಡೆ ದೋಣಿ ಇಳಿಸುತ್ತಿದ್ದಾರಂತೆ ಎಂದು ಯಾರೋ ಹೇಳಿದರು. ಪಕ್ಕದ ಮನೆಯ ತಮಿಳು ಅಮ್ಮ ಕಾಮಾಕ್ಷಿ ದೀಪ ಹಚ್ಚಿ ತಂದು ಮೆಟ್ಟಿಲ ಬಳಿ ಇಟ್ಟರು. ಅದರ ಸುತ್ತ ನಾವು ನಾಲ್ಕು ಮನೆಯವರು ಕೂತೆವು.

ಅಳಿಯ ದೆಹಲಿಯಿಂದ ಹೊರಟಿದ್ದ. ಮೀನಂಬಾಕಂ ರನ್‌ವೇ ಮೇಲೆ ನೀರು ನಿಂತು ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಅವನ ವಿಮಾನವನ್ನು ಬೆಂಗಳೂರಿಗೆ ತಿರುಗಿಸಿದ್ದರು. ಮಗಳ ಮುಖ ಬಾಡಿತ್ತು. ಒಂಬತ್ತು ವರ್ಷದ ಮೊಮ್ಮಗ ಮಾತ್ರ ನನ್ನ ತೊಡೆಗೆ ಒರಗಿ ಕೇಳಿದ, “ಅಜ್ಜ, ಬಸ್ಸು ಮಳೆಯಲ್ಲಿ ಓಡ್ತದಲ್ಲ, ವಿಮಾನಕ್ಕೆ ಯಾಕೆ ಇಳಿಲಿಕ್ಕೆ ಆಗುದಿಲ್ಲ?”

ಇಳಿಯಲಿಕ್ಕೇನೋ ಆಗ್ತದೆ ಮಗಾ, ನಿಲ್ಲಲಿಕ್ಕೆ ಆಗುವುದಿಲ್ಲ ಎಂದೆ. ಅಷ್ಟು ವೇಗದಲ್ಲಿ ಬಂದ ಚಕ್ರಕ್ಕೂ ನೆಲಕ್ಕೂ ನಡುವೆ ನೀರು ಸೇರಿಕೊಂಡರೆ ಟಯರು ನೆಲ ಮುಟ್ಟುವುದೇ ಇಲ್ಲ, ನೀರ ಮೇಲೆ ಜಾರುತ್ತದೆ. ಆಗ ಬ್ರೇಕ್ ಒತ್ತಿದರೂ ಫಲವಿಲ್ಲ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಆ ಮಳೆಯ ಸದ್ದು ನನ್ನನ್ನು 1981ರ ಆಗಸ್ಟಿಗೆ ಎಳೆದುಕೊಂಡು ಹೋಯಿತು.

ಆಗ ನನಗೆ ಹದಿನೇಳು. ಪಿಯುಸಿ. ಅಪ್ಪನಿಗೆ ಮಂಗಳೂರು ಹತ್ತಿರದ ಬಜಪೆಯಲ್ಲಿ ಒಂದು ಸಣ್ಣ ಹೋಟೆಲು. ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ವಿಮಾನ ನಿಲ್ದಾಣ ನಮ್ಮದು. 1951ರ ಕ್ರಿಸ್‌ಮಸ್ ದಿನ ನೆಹರೂ ಡಕೋಟಾದಲ್ಲಿ ಬಂದು ಇಳಿದದ್ದನ್ನು ಅಪ್ಪ ತಾನೇ ಕರೆಸಿದವರಂತೆ ಹೇಳುತ್ತಿದ್ದರು. ನನ್ನ ಕಾಲಕ್ಕೆ ಡಕೋಟಾ ಹೋಗಿ ಆವ್ರೋ ಬಂದಿತ್ತು. ರೋಲ್ಸ್ ರಾಯ್ಸಿನ ಡಾರ್ಟ್ ಎಂಜಿನ್ನುಗಳು ಎರಡು. ಅವುಗಳ ಸದ್ದು ಗುಡುಗಿನಂಥದಲ್ಲ. ಕಿವಿಯೊಳಗೆ ತೂತು ಕೊರೆಯುವಂಥ ಕೀರಲು. ಅದು ಕೇಳಿಸಿದ ಕೂಡಲೇ ಟ್ಯಾಕ್ಸಿಯವರು ಅರ್ಧ ಕುಡಿದ ಚಾ ಬಿಟ್ಟು ಎದ್ದು ಹೋಗುತ್ತಿದ್ದರು. ಅಪ್ಪ ಆ ಲೋಟಗಳನ್ನು ತೆಗೆಯುತ್ತಿರಲಿಲ್ಲ, ಸವಾರಿ ಸಿಗದವರು ಬಂದು ಕುಡಿಯುತ್ತಾರೆ ಎಂದು.

ಆ ವಿಮಾನದ ಮೇಲೆ ನನಗೆ ಇವತ್ತಿಗೂ ಅಭಿಮಾನ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ವುಡ್‌ಫರ್ಡ್‌ನಲ್ಲಿ 1960ರ ಜೂನ್ 24ರಂದು ಅದು ಮೊದಲು ಹಾರಿತು. ಮರು ವರ್ಷವೇ, 1961ರ ನವೆಂಬರ್ 1ಕ್ಕೆ, ಕಾನ್ಪುರದಲ್ಲಿ ನಮ್ಮವರು ಜೋಡಿಸಿದ ಆವ್ರೋ ಹಾರಿತು. ಏರ್ ವೈಸ್ ಮಾರ್ಷಲ್ ಹರ್ಜಿಂದರ್ ಸಿಂಗ್ ಹಟ ಹಿಡಿದು ಮಾಡಿಸಿದ ಕೆಲಸ ಅದು. ಹಿಂದಿನ ವರ್ಷ ತೀರಿಕೊಂಡಿದ್ದ ವಾಯುಪಡೆಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಜಗತ್ತಿನಲ್ಲಿ ಒಟ್ಟು ತಯಾರಾದ 380 ಆವ್ರೋಗಳಲ್ಲಿ 89 ಕಾನ್ಪುರದವು. ಸಣ್ಣ ಊರಿನ ಗಿಡ್ಡ ರನ್‌ವೇಗೆ ಇಳಿಯಲೆಂದೇ ಮಾಡಿದ ವಿಮಾನ. ಎಂಜಿನ್ನುಗಳನ್ನು ರೆಕ್ಕೆಗಿಂತ ಎತ್ತರದಲ್ಲಿ ಕೂರಿಸಿದ್ದರಿಂದ ಪ್ರೊಪೆಲ್ಲರಿಗೆ ನೆಲದ ಕಲ್ಲು ಮಣ್ಣು ತಾಗುತ್ತಿರಲಿಲ್ಲ. ಬಜಪೆಯ ಹಳೆಯ ರನ್‌ವೇ ಉದ್ದ ಸುಮಾರು 1,600 ಮೀಟರ್. ಅದು ಮುಗಿದಲ್ಲಿ ಗುಡ್ಡದ ಇಳಿಜಾರು. ಅಂಥಲ್ಲಿಗೆ ಮಳೆಗಾಲವಿಡೀ ಬಂದು ಹೋಗುತ್ತಿತ್ತು.

ಆಗಸ್ಟ್ 19, ಬುಧವಾರ. ತುಳುವರ ಆಟಿ ತಿಂಗಳು ಮುಗಿದು ಸೋಣ ಹುಟ್ಟಿ ಎರಡು ಮೂರು ದಿನ. ನಾನು ಕಾಲೇಜಿನಿಂದ ಬಂದು ಕೊಡೆ ಮಡಚುವಷ್ಟರಲ್ಲಿ ನಮ್ಮಲ್ಲಿಗೆ ದಿನಾ ಬರುವ ಟ್ಯಾಕ್ಸಿಯವರೊಬ್ಬರು ತಲೆಯಿಂದ ನೀರು ಇಳಿಸಿಕೊಂಡು ಒಳಗೆ ಬಂದರು. ಕೂರಲಿಲ್ಲ. ಗಲ್ಲಾಪೆಟ್ಟಿಗೆ ಹಿಡಿದು ನಿಂತು, “ಆವ್ರೋ ನಿಲ್ಲಲಿಲ್ಲ ಭಟ್ರೇ, ರನ್‌ವೇ ದಾಟಿ ಆಚೆ ಹೋಯ್ತು” ಎಂದರು.

ಅಪ್ಪನ ಕೈಯಲ್ಲಿದ್ದ ಚಾದ ಜಾಲರಿ ಹಾಗೇ ಗಾಳಿಯಲ್ಲಿ ನಿಂತಿತು.

“ಜನ?”

“ಎಲ್ಲ ಇಳಿದ್ರಂತೆ. ಅಂಚಿನ ಆಚೆ ಸ್ವಲ್ಪವೇ ದೂರ, ಅಲ್ಲೇ ನಿಂತಿತಂತೆ.”

ಅಪ್ಪ ಮತ್ತೊಮ್ಮೆ ಕೇಳಿದರು. ಮೂರನೆಯ ಸಲವೂ ಕೇಳಿದರು. ಪ್ರತಿ ಸಲವೂ ಅದೇ ಉತ್ತರ. ಆಮೇಲೆ ಜಾಲರಿ ಕೆಳಗಿಟ್ಟು ದೇವರ ಪಟದ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿದ್ದುದನ್ನು ನಾನು ನೋಡಿದೆ. ಆ ವಿಮಾನದಲ್ಲಿ ನಮ್ಮವರು ಯಾರೂ ಇರಲಿಲ್ಲ.

ಮೂಡುಬಿದಿರೆಯ ಕಡೆಯವರಾದ, ಆಗ ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರೆಂದು ಆಮೇಲೆ ತಿಳಿಯಿತು. ಊರಿನ ಬಾಯಲ್ಲಿ ಸುದ್ದಿ ‘ಮೊಯಿಲಿಯವರ ವಿಮಾನ’ ಎಂದೇ ಓಡಾಡಿತು. ಮಂತ್ರಿಯ ಹಿಂದೆ ಮುಂದೆ ಕೂತಿದ್ದವರ ಹೆಸರು ಯಾರ ನಾಲಗೆಗೂ ಬರಲಿಲ್ಲ.

ಮರುದಿನ ನಾನೂ ಅಪ್ಪನೂ ಒಂದೇ ಕೊಡೆಯಲ್ಲಿ ಗುಡ್ಡ ಹತ್ತಿದೆವು. ಬೇಲಿಯ ಹತ್ತಿರ ಬಿಡಲಿಲ್ಲ. ಮಳೆಯ ಪರದೆಯ ಆಚೆ ಇಂಡಿಯನ್ ಏರ್‌ಲೈನ್ಸಿನ ಕಿತ್ತಳೆ ಬಣ್ಣದ ಬಾಲವಷ್ಟೇ ಕಂಡಿತು. ಅಲ್ಲಿವರೆಗೆ ತಲೆಯ ಮೇಲೆ ಹೋಗುವುದನ್ನೇ ನೋಡಿದ್ದ ವಸ್ತು ಮಣ್ಣಲ್ಲಿ ಕೂತು ನೆನೆಯುತ್ತಿತ್ತು. ವಿಟಿ-ಡಿಎಕ್ಸ್‌ಎಫ್ ಅದರ ನೋಂದಣಿ. ರಿಪೇರಿಗೆ ಮೀರಿ ಜಖಂ ಆಗಿದ್ದರಿಂದ ಮತ್ತೆ ಹಾರಲಿಲ್ಲ. ತನ್ನೊಳಗೆ ಕೂತವರನ್ನೆಲ್ಲ ಜೀವಸಹಿತ ಇಳಿಸಿ ಅದು ಮುಗಿಯಿತು.

ಇಷ್ಟು ಕೇಳಿದ ಮೇಲೆ ಎದುರು ಮನೆಯ ಹುಡುಗ, ಇಂಜಿನಿಯರಿಂಗ್ ಓದುವವನು, ತನ್ನ ಕೆಂಪು ಅಂಗಿ ಹಿಡಿದು ತೋರಿಸಿದ. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ್ದು. “ಅಂಕಲ್, ಮ್ಯೂನಿಕ್ ಗೊತ್ತಾ?” ಎಂದ ತಮಿಳಿನಲ್ಲಿ. ಗೊತ್ತು. 1958ರ ಫೆಬ್ರವರಿ 6. ಆ ತಂಡ ಕೂತಿದ್ದದ್ದೂ ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಮಾಡಿದ ಎರಡು ಎಂಜಿನ್ನಿನ ವಿಮಾನದಲ್ಲೇ, ಏರ್‌ಸ್ಪೀಡ್ ಕಂಪನಿಯ ಅಂಬಾಸಡರ್. ನಮಗೆ ಅಂಬಾಸಡರ್ ಎಂದರೆ ಬಜಪೆಯ ಟ್ಯಾಕ್ಸಿ. ಮ್ಯಾಂಚೆಸ್ಟರಿನವರಿಗೆ ಆ ಹೆಸರು ಕೇಳಿದರೆ ಎದೆ ಝಲ್ಲೆನ್ನುತ್ತದೆ. ರನ್‌ವೇ ಮೇಲೆ ಕರಗಿದ ಹಿಮದ ಕೆಸರು. ಮೂರನೆಯ ಯತ್ನದಲ್ಲೂ ಮೇಲೇಳಲಾಗದೆ ಅದು ಬೇಲಿ ದಾಟಿ ಮನೆಗೆ ಬಡಿಯಿತು. 23 ಜನ ಸತ್ತರು, ಅವರಲ್ಲಿ ಎಂಟು ಮಂದಿ ಆ ತಂಡದ ಆಟಗಾರರು. ರೆಕ್ಕೆಯ ಮೇಲಿನ ಮಂಜುಗಡ್ಡೆ ತೆಗೆಸಲಿಲ್ಲವೆಂದು ಕ್ಯಾಪ್ಟನ್ ಜೇಮ್ಸ್ ಥೇನ್ ಮೇಲೆ ತಪ್ಪು ಹೊರಿಸಿದರು. ಕೆಸರೇ ಕಾರಣವೆಂದು ಸಾಬೀತು ಮಾಡಿ ಆ ಕಳಂಕ ತೊಳೆದುಕೊಳ್ಳಲು ಅವನಿಗೆ ಹತ್ತು ವರ್ಷ ಹಿಡಿಯಿತು.

ಹುಡುಗ ತಲೆಯಾಡಿಸಿದ. ಅವನಿಗೆ ಎಂಟೂ ಆಟಗಾರರ ಹೆಸರು ಬಾಯಿಪಾಠ.

2010ರ ಮೇ 22ರ ಬೆಳಿಗ್ಗೆ ನಾನು ಊರಲ್ಲಿರಲಿಲ್ಲ, ಚೆನ್ನೈಯಲ್ಲಿ ಕೆಲಸದಲ್ಲಿದ್ದೆ. ಟಿವಿಯಲ್ಲಿ ಹೊಗೆ ಕಂಡಾಗ ಹೆಸರು ಓದುವ ಮೊದಲೇ ಗುಡ್ಡದ ಗುರುತು ಸಿಕ್ಕಿತು. ಅದು ಬಜಪೆಯ ಹೊಸ, ಉದ್ದದ ರನ್‌ವೇ, ಅದನ್ನೂ ದಾಟಿ ಗುಡ್ಡದ ಕೆಳಗೆ ಬಿದ್ದದ್ದು ದೊಡ್ಡ ಬೋಯಿಂಗ್. 158 ಜನ ಹೋದರು, ಎಂಟು ಮಂದಿ ಉಳಿದರು. ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದೂ ಅದೇ, “ಜನ?” ಈ ಸಲ ನನ್ನ ಬಳಿ ಹೇಳಲು ಏನೂ ಇರಲಿಲ್ಲ.

ಆ ದಿನದ ನೆನಪಿಗೆ ಪ್ರತಿ ವರ್ಷ ಹೂವಿಡುತ್ತಾರೆ. ಇಡಬೇಕಾದದ್ದೇ. ಆದರೆ 1981ರ ಬುಧವಾರವನ್ನು ನಮ್ಮ ಊರಿನ ಹುಡುಗರಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಯಾರೂ ಸಾಯಲಿಲ್ಲವಲ್ಲ, ಅದಕ್ಕೇ ಅಳಿಸಿಹೋಯಿತು. ಒಬ್ಬರೂ ಅಳದೆ ಮನೆ ಸೇರಿದ ದಿನ ಕೂಡ ಊರಿನ ಚರಿತ್ರೆಯೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊಮ್ಮಗ ಅಷ್ಟರಲ್ಲಿ ನಿದ್ದೆ ಹೋಗಿದ್ದ. ಮಗಳು ಅವನನ್ನು ಎತ್ತಿಕೊಳ್ಳುತ್ತಾ, “ಅವರು ಬೆಂಗಳೂರಲ್ಲಿ ಇಳಿದದ್ದೇ ಒಳ್ಳೆಯದಾಯ್ತು ಅಪ್ಪಾ” ಎಂದಳು. ದೀಪಕ್ಕೆ ಪಕ್ಕದ ಮನೆಯ ಅಮ್ಮ ಎಣ್ಣೆ ಹೊಯ್ದರು. ಮರುದಿನ ಬೆಳಿಗ್ಗೆ ಮೀನಂಬಾಕಂ ತೆರೆಯಿತು.

ಇದನ್ನು ಓದುವವರಲ್ಲಿ ಆ ಆಗಸ್ಟ್ 19ರಂದು ಬಜಪೆಯಲ್ಲಿ ಆವ್ರೋದಿಂದ ಮಳೆಗೆ ಇಳಿದು ನಡೆದವರು ಯಾರಾದರೂ ಇದ್ದರೆ, ಅಥವಾ ಅವರ ಮಕ್ಕಳಿದ್ದರೆ, ದಯವಿಟ್ಟು ಕಂಡದ್ದನ್ನು ಕಂಡ ಹಾಗೆ ಬರೆದಿಡಿ. ಯಾರ ಪಕ್ಕ ಕೂತಿದ್ದಿರಿ, ಯಾರು ಯಾರ ಕೈ ಹಿಡಿದು ಇಳಿಸಿದರು, ಮನೆಗೆ ಹೇಗೆ ಹೋದಿರಿ, ಅಷ್ಟು ಸಾಕು.