ಪಾಯಿಂಟು ಕೂಗಲು ಚಿಕ್ಕನರಗುಂದಕ್ಕೆ

ಹುಬ್ಬಳ್ಳಿಯಿಂದ ಹೊರಟ ಬಸ್ಸು ನವಲಗುಂದ ದಾಟಿ ಬೆಣ್ಣಿಹಳ್ಳವನ್ನು ಹಿಂದೆ ಹಾಕಿತೆಂದರೆ ನೋಟಕ್ಕೆ ಅಡ್ಡ ಬರುವುದು ಏನೂ ಇಲ್ಲ. ಎರೆ ಹೊಲ, ಕಡಲೆ, ಬಿಳಿಜೋಳ. ಕೊನೆಗೆ ನರಗುಂದದ ಗುಡ್ಡ. 1858ರಲ್ಲಿ ಬಾಬಾಸಾಹೇಬ ಇಂಗ್ಲಿಷರ ಮೇಲೆ ತಿರುಗಿಬಿದ್ದ ಊರು. ಅಲ್ಲಿ ಇಳಿದು ಚಿಕ್ಕನರಗುಂದದ ಟಂಟಂ ಹತ್ತಿದೆ. ಸಂಜೆ ಅಲ್ಲಿ ಕಬಡ್ಡಿ. ಹೊರಟಿದ್ದು ಆಡಲಿಕ್ಕಲ್ಲ, ಪಾಯಿಂಟು ಕೂಗಲಿಕ್ಕೆ.

ಓಣಿಯಲ್ಲಿ ಆಡಿ, ಕಾಲೇಜು ತಂಡದಲ್ಲಿ ಎಡಮೂಲೆ ಕಾದು, ತಾಲ್ಲೂಕು ಪಂದ್ಯಗಳವರೆಗೆ ಹೋದವನು ನಾನು. ನಮ್ಮ ತಂಡ ಸೋತು ಹೊರಗೆ ಕುಳಿತ ಒಂದು ದಿನ ಸಂಘಟಕರು ಮೈಕು ಕೈಗಿತ್ತರು. ಅಂದಿನಿಂದ ಅದರ ರುಚಿ ಹತ್ತಿತು. ಆಮೇಲೆ ಎಲ್ಲಿ ಯಾರು ಅಂಕ ಕೂಗಿದರೂ ಕಿವಿಗೊಟ್ಟು ಕೇಳುತ್ತೇನೆ. ಡಾರ್ಟ್ಸ್ ಆಟದ ರಸ್ ಬ್ರೇ ಅವರ ದನಿ ನನಗೆ ಬಲು ಇಷ್ಟ. ಇಂಗ್ಲೆಂಡಿನ ಆತ ಮೊದಲು ಆಟಗಾರ, ಆಮೇಲೆ ಕೂಗುವವರಾದರು. ಮೂರು ಬಾಣ ಹಲಗೆಗೆ ನೆಟ್ಟ ಕೂಡಲೇ ಮೊತ್ತ ಹೇಳಬೇಕು. ಮೂರೂ ಇಪ್ಪತ್ತರ ಮೂರುಪಟ್ಟಿನ ಪಟ್ಟಿಗೆ ಬಿದ್ದರೆ 180. ಆ ಗೊಗ್ಗರು ದನಿ ಅದನ್ನು ಎಳೆದು ಕೂಗಿದರೆ ಸಭಾಂಗಣವೇ ಎದ್ದು ನಿಲ್ಲುತ್ತಿತ್ತು. 2024ರ ವಿಶ್ವ ಚಾಂಪಿಯನ್‌ಶಿಪ್‌ನೊಂದಿಗೆ ಅವರು ಆ ಕೆಲಸದಿಂದ ನಿವೃತ್ತರಾದರು.

ಅಂಕಣ ನೋಡಿ ಖುಷಿಯಾಯಿತು. ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ತೋಯ್ದರೆ ಕಾಲು ಬಿಡುವುದಿಲ್ಲ. ಹುಡುಗರು ಕೆಂಪು ಮಣ್ಣು ತಂದು ಹರವಿ, ನೀರು ಹೊಡೆದು, 13 ಮೀಟರ್ ಉದ್ದ 10 ಮೀಟರ್ ಅಗಲಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಸುತ್ತ ಟ್ರ್ಯಾಕ್ಟರ್ ಟ್ರೇಲರ್‌ಗಳ ಮೇಲೆ ಜನ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಸೂಪರ್ ಟ್ಯಾಕಲ್ ಅಂದರೆ ಏನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ರೇಡ್ 30 ಸೆಕೆಂಡು. ಅಷ್ಟು ಹೊತ್ತು ಮೈಕು ಸುಮ್ಮನಿರಬೇಕು ಎಂಬುದು ನನ್ನ ಪಟ್ಟು. ರೇಡರ್‌ನ ‘ಕಬಡ್ಡಿ ಕಬಡ್ಡಿ’ ನಿರ್ಣಾಯಕರಿಗೆ ಕೇಳಬೇಕಲ್ಲ! ಆಟದ ನಡುವೆ ಹಾಡು ಹಾಕುವ, ಒಂದು ತಂಡವನ್ನೇ ಹುರಿದುಂಬಿಸುವ ಕಾಮೆಂಟರಿ ನನಗೆ ಒಗ್ಗದು. ಸೀಟಿ, ನಿರ್ಣಾಯಕರ ಕೈ, ಆಮೇಲೆ ನನ್ನ ಬಾಯಿ.

ಸೆಮಿಫೈನಲ್‌ನಲ್ಲಿ ಊರಿನ ಹುಡುಗ ಬೋನಸ್ ಗೆರೆ ದಾಟಿದ. ಟ್ರೇಲರ್ ಮೇಲಿನವರೆಲ್ಲ ‘ಬೋನಸ್’ ಎಂದು ಕೂಗಿದರು. ಒಂದು ಕಾಲು ಗೆರೆಯಾಚೆ ಊರಿದಾಗ ಇನ್ನೊಂದು ಗಾಳಿಯಲ್ಲಿರಬೇಕು. ಎದುರಿಗೆ ಕನಿಷ್ಠ ಆರು ಮಂದಿ ಇರಬೇಕು. ಆರು ಮಂದಿಯೇನೋ ಇದ್ದರು, ಹಿಂದಿನ ಕಾಲು ಮಾತ್ರ ನೆಲಕ್ಕಿತ್ತು. ನಾನು ‘ಖಾಲಿ ರೇಡ್’ ಎಂದೆ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಸಿಟ್ಟಾದರು. “ಯಾಕ ತಮ್ಮಾ, ಬೋನಸ್ ಹೇಳ್ಲಿಲ್ಲ?”

“ನಿರ್ಣಾಯಕರು ಕೈ ಎತ್ತಿಲ್ಲರೀ ಅಜ್ಜಾರ.”

“ನೀ ಆಡಿದಾಂವ ಅದಿ. ನಿನಗ ಏನ ಕಾಣ್ತು?”

“ಕಾಲು ನೆಲಕ್ಕಿತ್ತರೀ.”

ಅಜ್ಜ ತಲೆಯಾಡಿಸಿ ಎಲೆ ಅಡಿಕೆಯ ಚೀಲ ನನ್ನತ್ತ ಸರಿಸಿದರು.

ಕೆಲವೇ ನಿಮಿಷಕ್ಕೆ ಅದೇ ಹುಡುಗ, ಎದುರು ಇಬ್ಬರೇ ಉಳಿದಾಗ, ಇಬ್ಬರನ್ನೂ ಮುಟ್ಟಿ ಮಧ್ಯಗೆರೆಗೆ ಹಾರಿ ಬಿದ್ದ. ಮುಟ್ಟಿದ್ದಕ್ಕೆ ಎರಡು, ಲೋಣಕ್ಕೆ ಎರಡು. ‘ನಾಲ್ಕೂ... ಪಾಯಿಂಟ್!’ ಎಂದು ಎದೆ ತುಂಬಿ ಕೂಗಿದೆ. ಅಂಥ ಗಳಿಗೆಗೆ ದನಿ ಉಳಿಸಿಕೊಂಡಿರಬೇಕು.

ಆ ಪಂದ್ಯದಲ್ಲಿ ಸೋತ ತಂಡದ ಬಲಮೂಲೆಯ ಹುಡುಗ ಮೇಜಿನ ಬಳಿ ಬಂದು ನಿಂತ. “ಸರ, ಇದನ್ನ ಹೆಂಗ ಕಲೀಬೇಕರೀ?” ಇನ್ನೊಂದು ಸೆಮಿಫೈನಲ್‌ಗೆ ಮೈಕು ಅವನಿಗೇ ಕೊಟ್ಟೆ. ಮೊದಮೊದಲು ಸೀಟಿಗೆ ಮುಂಚೆಯೇ ಕೂಗುತ್ತಿದ್ದ; ಅವನ ಮೊಣಕೈ ಹಿಡಿದು ಕೂತೆ. ಎರಡನೇ ಅರ್ಧದಲ್ಲಿ ಕೈ ಬಿಟ್ಟೆ. ಫೈನಲ್ ನಾನು ಕೂಗಿದೆ, ಸ್ಕೋರ್‌ಶೀಟ್ ಅವನು ಬರೆದ.